ಬಾಗಿಲು ಒರಗಿಸಿದ್ದ ಗೋಡೆ

ಎರಡನೇ ಸಲ ಹೊಡೆದ ಬಣ್ಣವೂ ಒಣಗುತ್ತ ಬಂದಂತೆ ಹೊಸ ಮನೆಯ ನಡುಮನೆ ಮತ್ತೆ ಮೊದಲ ಸಲದ ಹಾಗೇ ಮಚ್ಚೆ ಮಚ್ಚೆಯಾಯಿತು. ಅಂಗಡಿಯ ಬಣ್ಣದ ಪುಸ್ತಕದಲ್ಲಿ ನೋಡಿ ಆರಿಸಿದ್ದ ಪಿಸ್ತಾ ಹಸಿರು ಒಂದು ಕಡೆ ಗಟ್ಟಿಯಾಗಿ ಕೂತಿತ್ತು, ಪಕ್ಕದಲ್ಲೇ ಒಗೆದು ಒಗೆದು ಸವೆದ ಸೀರೆಯಂತೆ ಬಿಳಿಚಿಕೊಂಡಿತ್ತು. ನಡುನಡುವೆ ಯಾರೋ ಕೈ ಬೀಸಿ ಎರಚಿದಂಥ ಕಮಾನು ಗೆರೆಗಳು. ಬೆರಳಿಟ್ಟರೆ ತುದಿಗೆ ಬಿಳಿ ಪುಡಿ ಹತ್ತುತ್ತಿತ್ತು. ಕೈ ಎತ್ತಿದರೂ ಎಟುಕದಷ್ಟು ಮೇಲೆ, ತಾರಸಿಯ ಹತ್ತಿರ ಮಾತ್ರ ಬಣ್ಣ ಒಂದೇ ಸಮ ಇತ್ತು. ಗೃಹಪ್ರವೇಶಕ್ಕೆ ಹದಿನಾಲ್ಕು ದಿನ ಉಳಿದಿತ್ತು.

"ಏನ್ ಸಾಬ್ರೇ ಇದು?" ಎಂದಳು ವನಜಾಕ್ಷಿ. "ಇದನ್ನ ಬಣ್ಣ ಅಂತಾರಾ? ನಮ್ಮತ್ತೆ ಕೊಟ್ಟಿಗೆ ಗೋಡೆಗೆ ಸಗಣಿ ಬಳೀತಿದ್ರು. ಅದೇ ಇದಕ್ಕಿಂತ ನೀಟಾಗಿ ಕೂತ್ಕತಿತ್ತು."

ಮುಕ್ತಿಯಾರ್ ತಿರುಗಲಿಲ್ಲ. ಅಂಗೈಯನ್ನು ಗೋಡೆಯ ಮೇಲೆ ಚಪ್ಪಟೆಯಾಗಿಟ್ಟು ಮೆಲ್ಲಗೆ ಎಳೆಯುತ್ತಿದ್ದ. ಚನ್ನಪಟ್ಟಣದವನು, ಐವತ್ತು ದಾಟಿದವನು. ಮೂವತ್ತು ತುಂಬುವವರೆಗೆ ಗೊಂಬೆ ಮಾಡುವ ಕಡೆ ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿದು, ಆಮೇಲೆ ಗೋಡೆಯ ಕೆಲಸಕ್ಕೆ ಬಂದಿದ್ದ. ಕಣ್ಣಿಗಿಂತ ಮೊದಲು ಅಂಗೈಯಿಂದ ನೋಡುವ ಅಭ್ಯಾಸ ಅವನಿಗೆ ಅಲ್ಲಿಂದ ಬಂದದ್ದು.

"ಒಸಿ ತಾಳಿ ಅಮ್ಮಾ. ನಂಗೂ ತಲೆ ಓಡ್ತಾ ಇಲ್ಲ. ಪುಟ್ಟಿ ನಾನೇ ಎಳ್ದಿದ್ದು, ಪ್ರೈಮರ್ ನಾನೇ ಹೊಡ್ದಿದ್ದು. ಮೊದ್ಲು ಡಬ್ಬ ನಿಮ್ ಯಜಮಾನ್ರೇ ತಂದು ಕೊಟ್ಟವ್ರೆ. ಒಳಗಡೆ ರೂಮಿಗೂ ಇದೇ ಡಬ್ಬದ ಬಣ್ಣ. ಅಲ್ಲಿ ಕನ್ನಡಿ ಹಂಗೆ ಬಂದೈತೆ. ಇಲ್ಲಿ ಮಾತ್ರ ಯಾಕೆ ಹಿಂಗೆ?"

"ಅಲ್ಲಿ ಕಮ್ಮಿ ನೀರು ಉಯ್ದೆ, ಇಲ್ಲಿ ಜಾಸ್ತಿ ಉಯ್ದೆ ನೀನು. ಇನ್ನೇನು."

ಆಡಿದ ಮೇಲೆ, ನೀವು ಹೋಗಿ ನೀನು ಆದದ್ದು ಅವಳಿಗೇ ಕೇಳಿಸಿತು. ತಿದ್ದಿಕೊಳ್ಳಲಿಲ್ಲ.

ನೀರಿನ ಮಾತು ಹೊಸದೇನಲ್ಲ. ಹತ್ತು ದಿನದ ಹಿಂದೆ, ಮೊದಲ ಸಲ ಬಣ್ಣ ಕೆಟ್ಟಾಗ, ಅವಳು ಅದನ್ನು ಡೈರಿಯಲ್ಲಿ ಆಡಿದ್ದಳು. ಬೆಳಿಗ್ಗೆ ಆರೂವರೆಗೆ ಮನೆಗೊಬ್ಬರು ಕ್ಯಾನು ಹಿಡಿದು ಹಾಲು ಹಾಕಲು ಬರುವ ಜಾಗ ಅದು. ಅಲ್ಲಿ ಆಡಿದ್ದು ಏಳು ಗಂಟೆಗೆಲ್ಲ ಊರು ಮುಟ್ಟುತ್ತದೆ. "ಚೊಂಬು ಚೊಂಬು ನೀರು ಉಯ್ದು ಕಲಸ್ತಿದ್ದ ಕಣಮ್ಮಿ. ಕೆಂಗಲ್ ಹನುಮಂತರಾಯನ ಆಣೆಗೂ ನಾನೇ ಕಣ್ಣಾರೆ ನೋಡ್ದೆ" ಎಂದಿದ್ದಳು. ನೋಡಿದ್ದು ಸುಳ್ಳಲ್ಲ. ಆ ಬಣ್ಣಕ್ಕೆ ಅಳತೆಯ ನೀರು ಸೇರಿಸಿಯೇ ಹೊಡೆಯಬೇಕು ಎಂದು ಡಬ್ಬದ ಮೇಲೆ ಬರೆದಿತ್ತು. ಅವಳು ಓದಿರಲಿಲ್ಲ. ಹಾಲಿಗೆ ನೀರು ಬೆರೆಸಿದರೆ ಅಲ್ಲೇ ಅಳೆದು, ಎಲ್ಲರ ಮುಂದೆ ಕ್ಯಾನು ವಾಪಸು ಕೊಡುವ ಜಾಗದಲ್ಲಿ ಅಂಥ ಮಾತಿಗೆ ಬೇರೆ ಸಾಕ್ಷಿಯನ್ನು ಯಾರೂ ಕೇಳಲಿಲ್ಲ.

"ಅವರ ಜನಾನೇ ಹಂಗೆ ಬುಡಮ್ಮಿ" ಎಂದಿದ್ದಳು ಪಕ್ಕದ ಮನೆಯ ಮುನಿರತ್ನಮ್ಮ. "ನಮ್ಮೋರು ಯಾರೂ ಸಿಗ್ಲಿಲ್ವಾ ನಿಂಗೆ?"

ವನಜಾಕ್ಷಿ ತಲೆಯಾಡಿಸಿದ್ದಳು. ಹೌದೆನ್ನುವ ಹಾಗೂ ಇತ್ತು, ಏನು ಮಾಡುವುದು ಎನ್ನುವ ಹಾಗೂ ಇತ್ತು. ಡೈರಿ ಸೆಕ್ರೆಟರಿ ಯೋಗಾನಂದ ಹಾಲು ಅಳೆಯುತ್ತಲೇ ಕೇಳಿಸಿಕೊಂಡಿದ್ದ. ಡೈರಿಯ ಹೊಸ ಕಟ್ಟಡಕ್ಕೆ ಗಾರೆ ಮುಗಿದಿತ್ತು, ಅದರ ಬಣ್ಣಕ್ಕೆ ಮುಕ್ತಿಯಾರನಿಗೇ ಹೇಳಿಯಾಗಿತ್ತು. ಅದೇ ವಾರ ಫೋನು ಮಾಡಿ "ಒಸಿ ದಿನ ನೋಡಾನ ಸಾಬ್ರೇ" ಎಂದುಬಿಟ್ಟ. ಇದನ್ನು ಮುಕ್ತಿಯಾರ್ ಉಪ್ಪುಕಾಗದದಲ್ಲಿ ಗೋಡೆ ತಿಕ್ಕುತ್ತ ಒಂದೇ ಒಂದು ಸಲ ಅವಳ ಹತ್ತಿರ ಹೇಳಿದ್ದ, ಬಸ್ಸು ತಪ್ಪಿಹೋಯಿತು ಎಂದು ಹೇಳುವವರ ಹಾಗೆ. ಆಮೇಲೆ ತನ್ನ ಕೈಯಿಂದಲೇ ದುಡ್ಡು ಹಾಕಿ ಅದೇ ಬಣ್ಣ ತಂದು ಎರಡನೇ ಸಲ ಹೊಡೆದಿದ್ದ.

ಈಗ ಅವನು ಮೂಡಣ ಗೋಡೆಯ ಹತ್ತಿರ ಹೋದ. ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದ.

"ಅಮ್ಮಾ, ಇಲ್ಲಿ ಬನ್ನಿ."

ಅಲ್ಲೊಂದು ಕಡೆ ಬಣ್ಣ ಚೆನ್ನಾಗಿತ್ತು. ಚೆನ್ನಾಗಿದ್ದ ಜಾಗಕ್ಕೆ ನೇರವಾದ ಅಂಚಿತ್ತು. ಏಳಡಿ ಎತ್ತರ, ಮೂರೂವರೆ ಅಡಿ ಅಗಲ, ಸ್ವಲ್ಪ ವಾಲಿಕೊಂಡಿತ್ತು.

"ಇದು ಬಾಗಿಲು" ಎಂದ ಮುಕ್ತಿಯಾರ್. "ಮುಂಬಾಗಿಲು ಮಾಡ್ಸಿ ತಂದು ಇಲ್ಲಿ ಒರಗಿಸಿದ್ರಿ. ಪ್ರೈಮರ್ ಮುಗ್ಸಿ ನಾನು ತಂಗಿ ಮಗಳ ಮದುವೆಗೆ ಹೋಗೋವಾಗ ಇಲ್ಲೇ ಇತ್ತು. ಬರೋ ಹೊತ್ಗೆ ಆಚಾರಿ ಕೂರ್ಸಿಬುಟ್ಟಿದ್ದ. ಬಾಗಿಲ ಹಿಂದಿದ್ದ ಗೋಡೆಗೆ ಬಣ್ಣ ಹಿಡ್ದೈತೆ, ಆಚೆ ಈಚೆ ಹಿಡ್ದಿಲ್ಲ. ನಾನಿಲ್ದೇ ಇದ್ದ ಆ ಆರು ದಿನದಲ್ಲಿ ಗೋಡೆಗೆ ಏನಾದ್ರೂ ಬಿತ್ತಾ? ನೆಪ್ಪು ಮಾಡ್ಕಂಡು ಹೇಳಿ."

ನೆನಪು ಮಾಡಿಕೊಳ್ಳುವ ಅಗತ್ಯವಿರಲಿಲ್ಲ. ಅವನು ಬಾಗಿಲು ಎಂದ ಕೂಡಲೇ ವನಜಾಕ್ಷಿಯ ಮೂಗಿಗೆ ಬ್ಲೀಚಿಂಗ್ ಪುಡಿಯ ಘಾಟು ಬಂದ ಹಾಗಾಯಿತು.

"ಏನೂ ಇಲ್ವಲ್ಲ" ಎಂದಳು. "ಗೋಡೆಗೆ ಏನ್ ಬೀಳ್ತದೆ?"

ಬಿದ್ದದ್ದು ಇಷ್ಟು. ಅವನು ಮದುವೆಗೆ ಹೋಗಿದ್ದಾಗ ವನಜಾಕ್ಷಿಯ ರೇಷ್ಮೆ ಹುಳ ಹಣ್ಣಾಗಿದ್ದವು. ಗೂಡು ಕಟ್ಟಲು ಹುಳ ಬಿಟ್ಟ ಬಿದಿರಿನ ಚಂದ್ರಿಕೆಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮಧ್ಯಾಹ್ನ ಮೂರಕ್ಕೆ ಹೇಳದೆ ಕೇಳದೆ ಮಳೆ ಬಂತು. ಗಂಡ ನಟರಾಜು, ಮಗಳು ನಯನ, ಅವಳು, ಮೂವರೂ ಓಡಾಡಿ ಚಂದ್ರಿಕೆಗಳನ್ನೆಲ್ಲ ಹೊಸ ಮನೆಯ ನಡುಮನೆಗೆ ತುಂಬಿದರು. ಬೆಳಿಗ್ಗೆ ನೋಡಿದರೆ ಕೆಲವು ಹುಳಕ್ಕೆ ಹಾಲುತೊಂಡೆ ರೋಗ. ಚರ್ಮ ಒಡೆದು ಹಾಲಿನಂಥ ಕೀವು ನೆಲಕ್ಕೂ ಗೋಡೆಗೂ ಸಿಡಿದಿತ್ತು. ಎರಡು ವರ್ಷದ ಹಿಂದೆ ಅದೇ ರೋಗದಲ್ಲಿ ಒಂದು ಬೆಳೆ ಪೂರ್ತಿ ತಿಪ್ಪೆಗೆ ಹೋಗಿತ್ತು. ಆವತ್ತಿನಿಂದ ವನಜಾಕ್ಷಿಗೆ ಶುದ್ಧದ ಹುಚ್ಚು. ಪ್ರತಿ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿಗೆ ಸುಣ್ಣದ ನೀರು ಕಲಸಿ, ಸ್ಪ್ರೇಯರಿನಲ್ಲಿ ಹುಳದ ಮನೆಯ ಗೋಡೆ, ಸೂರು, ಸಂದಿಗೊಂದಿ ಬಿಡದೆ ಹೊಡೆಯುತ್ತಿದ್ದಳು. ರೇಷ್ಮೆ ಇಲಾಖೆಯವರು ಬೇರೆ ಊರಿನ ರೈತರನ್ನು ಕರೆತಂದು ಇವಳ ಹುಳದ ಮನೆ ತೋರಿಸಿ "ಹಿಂಗಿರಬೇಕು" ಎಂದು ಹೇಳಿ ಹೋಗಿದ್ದರು.

ಹಾಗಾಗಿ ಗೂಡು ಬಿಡಿಸಿ ಚಂದ್ರಿಕೆ ಆಚೆ ಹಾಕಿದ ದಿನವೇ ಅವಳು ಹೊಸ ನಡುಮನೆಗೂ ಹೊಡೆದಳು. ಕೈ ತಾನೇ ಮಾಡಿದ ಕೆಲಸ. ಹೊಸ ಬಾಗಿಲಿನ ಪಾಲಿಶ್ ಕೆಡದಿರಲಿ ಎಂದು ಮಗಳ ಕೈಯಲ್ಲಿ ಅದಕ್ಕೆ ಟಾರ್ಪಾಲು ಹೊದಿಸಿದ್ದಳು. ಗೋಡೆಗೂ ಏನಾದರೂ ಆದೀತು ಎಂದು ಹೊಳೆಯಲೇ ಇಲ್ಲ. ಬಿಳಿ ಪ್ರೈಮರಿನ ಮೇಲೆ ಬಿಳಿ ಸುಣ್ಣ ಕೂತರೆ ಯಾರಿಗೆ ಕಾಣುತ್ತದೆ?

"ಹಂಗಾರೆ ಗಾರೆಯಲ್ಲೇ ಏನೋ ಐತೆ" ಎಂದ ಮುಕ್ತಿಯಾರ್, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಗಾರೆ ಹಸಿ ಇರೋವಾಗ ಹೊಡೀಬಾರ್ದು ಅಂತ ಒಂದು ತಿಂಗಳು ಬುಟ್ಟಿದ್ದೆ. ಆದ್ರೂ ಮರಳಲ್ಲಿ ಉಪ್ಪಿತ್ತೋ ಏನೋ. ಪುಟ್ಟಿ ಪೂರ್ತಿ ಕೆರ್ದು ಗಾರೆ ಗಂಟ ಹೋಗಿ ನೋಡ್ಬೇಕು."

"ನಮ್ ಕಡೆಯಿಂದ ಇನ್ನೇನೂ ಕೊಡಕ್ಕಾಗಲ್ಲ" ಎಂದಳು. ಎಲ್ಲ ಗೊತ್ತಾದ ಮೇಲೂ ಬಾಯಿಗೆ ಬಂದದ್ದು ಅದು.

"ನಾನು ಕೇಳಿದ್ನಾ?" ಎಂದ ಅವನು. ಚೀಲದಿಂದ ಕೆರೆಯುವ ತಗಡು ತೆಗೆದ.

ಆ ಮಧ್ಯಾಹ್ನವೆಲ್ಲ ಹಳೆ ಮನೆಯ ಅಡಿಗೆಕೋಣೆಗೆ ಕೆರೆಯುವ ಸದ್ದು ಕೇಳುತ್ತಿತ್ತು. ಕರ್ರ್, ಕರ್ರ್. ನುಣ್ಣಗೆ ತಿಕ್ಕಿದ ಪುಟ್ಟಿಯನ್ನು ತಾನೇ ಹಾಳು ಮಾಡುವ ಸದ್ದು. ವನಜಾಕ್ಷಿ ಮುದ್ದೆ ತಿರುವುತ್ತ, ಅವನು ನೀರು ಕುಡಿಯಲು ನಿಲ್ಲಿಸಿದಾಗೆಲ್ಲ, ಈಗ ಹೋಗಿ ಹೇಳಬೇಕು ಎಂದುಕೊಂಡಳು. ಸದ್ದು ಮತ್ತೆ ಶುರುವಾದಾಗ, ಈಗ ಹೇಗೂ ಅರ್ಧ ಕೆರೆದಾಯಿತು ಎಂದುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ನಯನ ತಟ್ಟೆಗೆ ಕೈ ಹಾಕಲಿಲ್ಲ. ಕನಕಪುರದ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ಆವತ್ತು ಸ್ಪ್ರೇಯರಿನ ಪೈಪು ಹಿಡಿದುಕೊಂಡಿದ್ದವಳು ಅವಳೇ.

"ಅಮ್ಮಾ, ಅವತ್ತು ಬ್ಲೀಚಿಂಗ್ ಹೊಡ್ದೋ ಅಲ್ವಾ? ಬಾಗಿಲಿಗೆ ಟಾರ್ಪಾಲು ನಾನೇ ಹೊದ್ಸಿದ್ದು."

"ಉಣ್ಣು."

"ಸಾಬ್ರು ಕೇಳಿದ್ರಂತೆ. ನೀನು ಏನೂ ಇಲ್ಲ ಅಂದ್ಯಂತೆ."

"ನಯನಾ, ಸುಮ್ಕಿರು" ಎಂದ ನಟರಾಜು, ಮುದ್ದೆ ಮುರಿಯುತ್ತ. "ಹೆಂಗೋ ಅವ್ನೇ ಕೆರ್ದು ಸರಿ ಮಾಡ್ತಾವ್ನೆ. ಈಗ ಹೇಳುದ್ರೆ ಇಷ್ಟು ದಿನ ಮಾಡಿದ್ದಕ್ಕೆಲ್ಲ ಕೂಲಿ ಕೇಳ್ತಾನೆ. ಮೇಲೆ ನಿಮ್ಮವ್ವ ಊರೆಲ್ಲ ಸಾರಿದ್ದಾಳೆ ನೀರು ಬೆರಸ್ದ ಅಂತ. ಈಗ ಯಾವ್ ಮೊಕ ಇಟ್ಕಂಡು ಹೇಳ್ತಾಳೆ?"

"ಕೆರೆದ್ರೆ ಸರಿಯಾಗಲ್ಲ ಅಪ್ಪಾ. ಬರೀ ಒಂದು ಗೋಡೆ ಕೆರೀತಾವ್ರೆ. ಮಿಕ್ಕಿದ್ರ ಮೇಲೆ ಸುಣ್ಣ ಹಂಗೇ ಇರ್ತದಲ್ಲ. ಮೂರನೇ ಸಲಾನೂ ಹಿಂಗೇ ಆಗ್ತದೆ."

"ಆಗ ನೋಡಾನ."

ಗಂಡನ ಮಾತಿಗೆ ವನಜಾಕ್ಷಿ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನದಿಂದ ತನ್ನೊಳಗೆ ಓಡುತ್ತಿದ್ದ ಮಾತುಗಳನ್ನೇ ಅವನು ಸಾರಿಗೆ ಉಪ್ಪು ಕೇಳಿದಷ್ಟು ಸಲೀಸಾಗಿ ಆಡಿದ್ದ. ಬೇರೆಯವರ ಬಾಯಿಂದ ಕೇಳಿದಾಗ ಅವು ಎಷ್ಟು ಕೊಳಕಾಗಿವೆ ಎಂದು ಗೊತ್ತಾಯಿತು. ತಟ್ಟೆಯಲ್ಲೇ ಕೈ ತೊಳೆದು ಎದ್ದಳು.

ಮಾರನೇ ದಿನ ಹನ್ನೊಂದಕ್ಕೆ ಟೀ ಹಿಡಿದು ಹೋದಳು. ಮೂಡಣ ಗೋಡೆ ಸೊಂಟದವರೆಗೆ ಬೂದು ಗಾರೆಯಾಗಿ ಕಾಣುತ್ತಿತ್ತು. ಮುಕ್ತಿಯಾರ್ ಮೂಗಿಗೆ ಟವೆಲು ಕಟ್ಟಿದ್ದ. ರೆಪ್ಪೆ, ಹುಬ್ಬು, ಗಡ್ಡ ಎಲ್ಲ ಬಿಳಿ.

"ಗಾರೆ ಗಟ್ಟಿಯಾಗೈತೆ ಅಮ್ಮಾ. ಒಣಗೈತೆ. ಉಪ್ಪೂ ಇಲ್ಲ. ನಾಲಿಗೆ ಇಟ್ಟು ನೋಡ್ದೆ" ಎಂದು ನಕ್ಕ. ಸೋತವನ ನಗು. "ಇಪ್ಪತ್ತು ವರ್ಷದಿಂದ ಹೊಡೀತಾ ಇವ್ನಿ. ಈ ಗೋಡೆ ಮರ್ಯಾದೆ ತೆಗೀತು."

"ನಾನು ಬ್ಲೀಚಿಂಗ್ ಹೊಡ್ದಿದ್ದೆ" ಎಂದಳು ವನಜಾಕ್ಷಿ.

ಅವನು ಟವೆಲು ಕೆಳಗೆ ಎಳೆದ.

"ನೀವು ಮದುವೆಗೆ ಹೋಗಿದ್ರಲ್ಲ. ಹುಳ ಒಳಗೆ ತಂದಿದ್ದೋ. ಹಾಲುತೊಂಡೆ ಬಂದಿತ್ತು. ಅದಕ್ಕೆ ಬ್ಲೀಚಿಂಗ್, ಸುಣ್ಣ ಕಲಸಿ ಹೊಡ್ದುಬುಟ್ಟೆ. ಹುಳದ ಮನೆಗೆ ಹೊಡ್ದಂಗೆ."

"ಎಷ್ಟು?"

"ಡ್ರಮ್ಮಲ್ಲಿ ಮುಕ್ಕಾಲು."

"ಸುಣ್ಣ ಎಷ್ಟು ಹಾಕಿದ್ರಿ?"

"ಒಸಿ ಜಾಸ್ತೀನೇ. ಗೋಡೆ ತೊಟ್ಟಿಕ್ಕೋ ಗಂಟ ಹೊಡ್ದೆ."

ಅವನು ಗೋಡೆಯತ್ತ ನೋಡಿದ. ಕಮಾನು ಗೆರೆಗಳನ್ನು ಒಂದೊಂದಾಗಿ ಗಾಳಿಯಲ್ಲಿ ಬೆರಳಾಡಿಸಿ ಗುರುತಿಸಿದ. ಸ್ಪ್ರೇಯರು ಹಿಡಿದ ಕೈ ಹೇಗೆ ಹೇಗೆ ಬೀಸಿತ್ತು ಎಂದು ಅವನಿಗೆ ಈಗ ಎಲ್ಲ ಕಾಣುತ್ತಿತ್ತು. ಮುಖದಲ್ಲಿ ಒಂದು ಕ್ಷಣ ಸಮಾಧಾನವೇ ಬಂತು. ಲೆಕ್ಕ ಬಿಡಿಸಿದವನ ಸಮಾಧಾನ.

"ಬಣ್ಣ ಹೊಡೆಯೋ ಮುಂಚೆ ಕೈಗೆ ಪುಡಿ ಹತ್ತಿತ್ತು" ಎಂದ. "ಪ್ರೈಮರ್ ಧೂಳು ಅನ್ಕಂಡೆ. ಒದ್ದೆ ಬಟ್ಟೇಲಿ ಒಂದ್ಸಲ ಒರೆಸಿದ್ರೆ ಗೊತ್ತಾಗ್ತಿತ್ತು. ಒರೆಸ್ಲಿಲ್ಲ. ಅದು ನನ್ ತಪ್ಪು." ಆಮೇಲೆ ಅವಳ ಕಡೆ ತಿರುಗಿದ. "ನೆನ್ನೆ ಕೇಳ್ದಾಗ ನಿಮಗೆ ಗೊತ್ತಿತ್ತಾ?"

ಇಲ್ಲ, ರಾತ್ರಿ ನೆನಪಾಯಿತು ಎಂದುಬಿಡಬಹುದಿತ್ತು. ಅದೂ ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿತ್ತು."

ಅವನು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕುಡಿಯಲಿಲ್ಲ.

"ನೆನ್ನೆ ಹೇಳಿದ್ರೆ ಈ ಗೋಡೆ ಕೆರೀತಿರ್ಲಿಲ್ಲ. ನೀರು ಹಾಕಿ ತೊಳ್ದು, ಒಣಗ್ಸಿ, ಬೇರೆ ಪ್ರೈಮರ್ ಹೊಡ್ದು ಬಣ್ಣ ಹೊಡೀತಿದ್ದೆ."

"ಕೂಲಿ ಕೊಡ್ತೀನಿ ಸಾಬ್ರೇ. ಮೊದ್ಲಿಂದ ಎಷ್ಟಾಗ್ತದೋ ಅಷ್ಟೂ."

"ಕೊಡಿ. ಬೇಡ ಅನ್ನಲ್ಲ" ಎಂದ. "ಆದ್ರೆ ನೀವು ನನ್ ಹತ್ರ ಹೇಳಿದ್ ಮಾತ್ರಕ್ಕೆ ಇದು ಮುಗಿಯಲ್ಲ. ನೀರು ಬೆರೆಸ್ದೋನು ಅಂತ ನನ್ ಹತ್ರ ಹೇಳಿದ್ರಾ? ಡೈರೀಲಿ ಹೇಳಿದ್ರಿ. ಅಲ್ಲೇ ಹೇಳಿ."

"ಯೋಗಾನಂದನಿಗೆ ಫೋನ್ ಮಾಡಿ ಹೇಳ್ತೀನಿ."

"ಆವಾಗ ಫೋನಲ್ಲಿ ಹೇಳಿದ್ರಾ?"

ಲೋಟದ ಟೀಗೆ ಆಗಲೇ ಕೆನೆ ಕಟ್ಟಿತ್ತು, ಕೆನೆಯ ಮೇಲೆ ಪುಟ್ಟಿಯ ಪುಡಿ.

ಮಾರನೇ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ನಿಂತಳು. ಮುಂದೆ ಏಳು ಜನ. ಹೇಳುವುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಮುಂದೆ ಐದು ಜನ ಉಳಿದಾಗ, ಜನ ಇನ್ನೂ ಸೇರಲಿ ಎಂದುಕೊಂಡಳು. ಮೂರು ಜನ ಉಳಿದಾಗ, ಇಷ್ಟೊಂದು ಜನ ಯಾಕೆ ಎಂದುಕೊಂಡಳು. ಯೋಗಾನಂದ "ಹಾಕವ್ವ, ಏನ್ ನೋಡ್ತಾ ನಿಂತೆ?" ಎಂದ. ಹಾಲು ಹಾಕಿ, ಚೀಟಿ ತೆಗೆದುಕೊಂಡು ಮನೆಗೆ ಬಂದಳು. ಹೊಸ ಮನೆಯಲ್ಲಿ ಮುಕ್ತಿಯಾರ್ ಪೈಪು ಹಿಡಿದು ಗೋಡೆ ತೊಳೆಯುತ್ತಿದ್ದ. ಅವನು ಕೇಳಲಿಲ್ಲ. ಅವಳ ಮುಖ ನೋಡಿ ಮತ್ತೆ ಗೋಡೆಗೆ ತಿರುಗಿದ. ಕೇಳಿದ್ದರೆ ಅವಳು ತಿರುಗಿ ಬೈಯಬಹುದಿತ್ತು.

ಅದರ ಮಾರನೇ ದಿನ ಅವಳು ಸಾಲಿನಲ್ಲಿ ನಿಲ್ಲಲಿಲ್ಲ. ಕ್ಯಾನು ಕೆಳಗಿಟ್ಟು ನೇರ ಮೇಜಿನ ಹತ್ತಿರ ಹೋದಳು.

"ಏ ವನಜಾಕ್ಷಿ, ಸಾಲು ಐತೆ ಕಣಮ್ಮಿ" ಎಂದಳು ಮುನಿರತ್ನಮ್ಮ. "ಹೊಸ ಮನೆ ಕಟ್ಟುದ್ ಮ್ಯಾಕೆ ಸಾಲು ಕಾಣಲ್ವಾ?"

"ಒಂದು ಮಾತು ಹೇಳ್ಬೇಕು. ಮುಕ್ತಿಯಾರ್ ಸಾಬ್ರು ಬಣ್ಣಕ್ಕೆ ಜಾಸ್ತಿ ನೀರು ಬೆರೆಸ್ಲಿಲ್ಲ."

ಹಾಲು ಅಳೆಯುವ ಯಂತ್ರದ ಸದ್ದಿನಲ್ಲಿ ಯೋಗಾನಂದನಿಗೆ ಕೇಳಿಸಲಿಲ್ಲ. "ಯಾರು ಹಾಲಿಗೆ ನೀರು ಬೆರೆಸಿದ್ರು?" ಎಂದು ತಲೆಯೆತ್ತಿದ.

ಅವಳು ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಬೇಕಾಯಿತು. "ನಮ್ ಮನೆ ಬಣ್ಣ ಕೆಟ್ಟಿದ್ದು ಸಾಬ್ರಿಂದಲ್ಲ. ನನ್ನಿಂದ. ಪ್ರೈಮರ್ ಮೇಲೆ ನಾನೇ ಬ್ಲೀಚಿಂಗು, ಸುಣ್ಣ ಹೊಡ್ದಿದ್ದೆ. ಹುಳದ ಮನೆಗೆ ಹೊಡ್ದಂಗೆ. ಸುಳ್ಳು ಹೇಳ್ದೆ ನಾನು."

ಮೊದಲು ನಕ್ಕವಳು ಮುನಿರತ್ನಮ್ಮ.

"ಅಯ್ಯೋ ನಿನ್ನ! ನಡುಮನೇಲೂ ಹುಳ ಮೇಯಿಸ್ತೀಯೇನೇ? ನಾಳೆ ಗೃಹಪ್ರವೇಶಕ್ಕೆ ಬಂದೋರಿಗೂ ಬಾಗಿಲಲ್ಲೇ ಬ್ಲೀಚಿಂಗ್ ಹೊಡ್ದು ಒಳೀಕ್ ಬುಡ್ತೀಯಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಿಂದಿನಿಂದ ಯಾರೋ "ಗಂಡುಂಗೂ ಹೊಡ್ದವ್ಳೇನೋ ನೋಡ್ರಲಾ, ನಟರಾಜಣ್ಣ ಬೆಳ್ಳಗಾಗವ್ನೆ" ಎಂದರು. ಮತ್ತೆ ನಗು. ವನಜಾಕ್ಷಿ ನಿಂತೇ ಇದ್ದಳು. ಯಾರಾದರೂ ಪಾಪ, ಆ ಮನುಷ್ಯನಿಗೆ ಎಂಥ ಹೆಸರು ಬಂತು ಎನ್ನಬಹುದು ಎಂದು ಕಾದಳು. ಯಾರೂ ಅನ್ನಲಿಲ್ಲ. ಅವತ್ತು ನಂಬಲು ಅವರಿಗೆ ಎಷ್ಟು ಸುಲಭವಾಗಿತ್ತೋ ಈಗ ಮರೆಯಲೂ ಅಷ್ಟೇ ಸುಲಭವಾಗಿತ್ತು.

"ಮುನಿರತ್ನಕ್ಕ" ಎಂದಳು. "ಅವತ್ತು ನೀನು ಅವರ ಜನಾನೇ ಹಂಗೆ ಅಂದೆ. ನಾನು ತಲೆ ಆಡಿಸ್ದೆ. ಅದೂ ತಪ್ಪು."

ನಗು ನಿಂತಿತು. ಮುನಿರತ್ನಮ್ಮನ ಮುಖ ಬಿಗಿಯಿತು.

"ನಾನ್ ಯಾವಾಗ್ಲೇ ಅಂದೆ? ನಿನ್ ತಪ್ಪಿಗೆ ನನ್ನ ಯಾಕೆ ಎಳೀತೀಯಾ? ಹೋಗೇ, ಹಾಲು ಹಾಕ್ಬೇಕು."

ಸಾಲು ಮುಂದೆ ಹೋಯಿತು. ಎಲ್ಲರದೂ ಆದ ಮೇಲೆ ವನಜಾಕ್ಷಿ ತನ್ನ ಹಾಲು ಹಾಕಿದಳು. "ಯೋಗಾನಂದಣ್ಣ, ಡೈರಿ ಬಣ್ಣ ಅವ್ರಿಗೇ ಕೊಡು" ಎಂದಳು.

ಅವನು ಚೀಟಿ ಹರಿಯುತ್ತ ಮುಖ ತಪ್ಪಿಸಿದ. "ರಾಮನಗರದೋರಿಗೆ ಒಪ್ಪಿಸಿಬುಟ್ವಲ್ಲವ್ವ. ಸೋಮವಾರದಿಂದ ಬತ್ತಾರೆ. ಒಸಿ ಮೊದ್ಲು ಹೇಳ್ಬಾರ್ದಾ?"

"ಯಾವಾಗ ಒಪ್ಪಿಸಿದ್ದು?"

"ನೆನ್ನೆ ಸಂಜೆ."

ನಿನ್ನೆ ಬೆಳಿಗ್ಗೆ ಇದೇ ಮೇಜಿನ ಮುಂದೆ ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮನೆಗೆ ಬಂದಾಗ ಮುಕ್ತಿಯಾರ್ ಮೂರನೇ ಸುತ್ತು ತೊಳೆದು, ಹರಿದ ನೀರನ್ನು ಬಾಗಿಲಾಚೆಗೆ ಗುಡಿಸುತ್ತಿದ್ದ.

"ಹೇಳ್ದೆ" ಎಂದಳು.

"ಏನಂದ್ರು?"

"ನಗಾಡಿದ್ರು."

"ನಗಾಡ್ಲಿ. ಡೈರಿ ಕೆಲಸ?"

"ನೆನ್ನೆ ಸಂಜೆ ಬೇರೆಯೋರಿಗೆ ಕೊಟ್ಬುಟ್ಟವ್ರೆ." ಅವನು ಲೆಕ್ಕ ಹಾಕುವ ಮೊದಲೇ ಅವಳೇ ಹೇಳಿದಳು: "ನೆನ್ನೆ ಬೆಳಿಗ್ಗೆ ಹೇಳಿದ್ರೆ ಸಿಕ್ತಿತ್ತು."

ಮುಕ್ತಿಯಾರ್ ಗುಡಿಸುವುದನ್ನು ನಿಲ್ಲಿಸಿ ಪೊರಕೆಗೆ ಒರಗಿ ನಿಂತ. ಬೈಯುತ್ತಾನೆ ಎಂದು ಅವಳು ಕಾದಳು. ಬೈದರೆ ಒಂದಿಷ್ಟು ಹಗುರಾಗುತ್ತಿತ್ತು. ಅವನು ಮತ್ತೆ ಗುಡಿಸಲು ಶುರುಮಾಡಿದ. "ಕಿಟಕಿ ಎಲ್ಲ ತೆಗ್ದು ಬುಡಿ ಅಮ್ಮಾ. ಗಾಳಿ ಆಡ್ಬೇಕು" ಎಂದನಷ್ಟೇ.

ನಾಲ್ಕು ದಿನ ಗೋಡೆ ಒಣಗಿತು. ಕೆರೆದ ಜಾಗಕ್ಕೆ ಅವನು ಹೊಸದಾಗಿ ಪುಟ್ಟಿ ಎಳೆದ. ತಿಕ್ಕಿದ. ಒದ್ದೆ ಬಟ್ಟೆಯಲ್ಲಿ ನಾಲ್ಕೂ ಗೋಡೆ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಸುಣ್ಣ ತಡೆಯುವಂಥ ಪ್ರೈಮರನ್ನು ನಟರಾಜುವಿನ ಕೈಯಲ್ಲೇ ತರಿಸಿದ. ನಟರಾಜು ಗೊಣಗಿಕೊಂಡೇ ತಂದ. ಆಮೇಲೆ ಒಂದರ ಮೇಲೊಂದು ಎರಡು ಕೋಟು ಬಣ್ಣ. ಆ ದಿನಗಳಲ್ಲಿ ಟೀ ಕೊಡುತ್ತಿದ್ದವಳು ನಯನ. ವನಜಾಕ್ಷಿ ಬಾಗಿಲ ಹತ್ತಿರ ಬಂದು, ಅವನ ಬೆನ್ನು ನೋಡಿ, ಹಿಂದಕ್ಕೆ ಹೋಗುತ್ತಿದ್ದಳು. ಡೈರಿಯಲ್ಲಿ ಅವಳಿಗೆ ಬ್ಲೀಚಿಂಗಮ್ಮ ಎಂದು ಹೆಸರು ಬಿದ್ದಿತ್ತು. ಮುನಿರತ್ನಮ್ಮ ಮಾತು ಬಿಟ್ಟಿದ್ದಳು.

ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ಅವನು ಅವಳನ್ನು ಕರೆಸಿದ. ಮಧ್ಯಾಹ್ನದ ಬಿಸಿಲು. ಕಿಟಕಿ ಮುಚ್ಚಿ ನಡುಮನೆಯನ್ನು ಕತ್ತಲೆ ಮಾಡಿದ್ದ. ಉದ್ದ ವೈರಿನ ಬಲ್ಬೊಂದನ್ನು ಗೋಡೆಗೆ ತಾಗುವಂತೆ ಪಕ್ಕದಿಂದ ಹಿಡಿದಿದ್ದ. ಹಾಗೆ ಹಿಡಿದರೆ ಗೋಡೆಯಲ್ಲಿ ಒಂದು ಕೂದಲು ಅಂಟಿದ್ದರೂ ನೆರಳಾಗಿ ಕಾಣುತ್ತದೆ.

"ನೋಡಿ" ಎಂದ ಮುಕ್ತಿಯಾರ್. "ಮೂಲೆಯಿಂದ ಮೂಲೆ ಗಂಟ ನೋಡಿ. ಏನಾದ್ರೂ ಕಂಡ್ರೆ ಈಗ್ಲೇ, ಇಲ್ಲೇ ಹೇಳ್ಬುಡಿ. ನಾಳೆ ಹಾಲು ಹಾಕಕ್ಕೆ ಹೋದಾಗ ಹೇಳ್ಬೇಡಿ."

ಅವಳು ನೋಡಿದಳು. ಪಿಸ್ತಾ ಹಸಿರು ನಿಂತ ನೀರಿನ ಹಾಗೆ ಸಮನಾಗಿತ್ತು. ಬಾಗಿಲಿನ ಆಕಾರ ಇರಲಿಲ್ಲ, ಕಮಾನುಗಳಿರಲಿಲ್ಲ. ಬಲ್ಬು ನಿಧಾನಕ್ಕೆ ಮುಂದೆ ಹೋಯಿತು. ತೆಂಕಣ ಗೋಡೆಯ ನಡುವೆ, ಎದೆಯೆತ್ತರದಲ್ಲಿ, ಒಂದು ಪಟ್ಟಿ ಕಂಡಿತು. ರೋಲರು ಒಣಗಿದ ಅಂಚಿನ ಮೇಲೆ ಮತ್ತೆ ಹಾದು ಹೋದ ಗುರುತು. ಮೊಳದುದ್ದ. ಇದು ಸುಣ್ಣದ್ದಲ್ಲ, ಬ್ಲೀಚಿಂಗಿನದಲ್ಲ, ಅವನ ಕೈಯದೇ. ಮೊದಲಿನ ವನಜಾಕ್ಷಿಯಾಗಿದ್ದರೆ ಬಲ್ಬು ಅಲ್ಲಿಗೆ ಬರುವ ಮುಂಚೆಯೇ ಕೂಗು ಹಾಕುತ್ತಿದ್ದಳು.

"ಚೆನ್ನಾಗೈತೆ" ಎಂದಳು.

"ಸರ್ಯಾಗಿ ನೋಡಿದ್ರಾ?"

"ನೋಡ್ದೆ. ಎಲ್ಲ ಚೆನ್ನಾಗೈತೆ ಸಾಬ್ರೇ."

ಬಲ್ಬು ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು. ಆಮೇಲೆ ಹಿಂದಕ್ಕೆ ಬಂದು ಆ ಪಟ್ಟಿಯ ಪಕ್ಕದಲ್ಲೇ ನಿಂತಿತು. ಮುಕ್ತಿಯಾರ್ ಬೆರಳಿಟ್ಟು ತೋರಿಸಿದ.

"ಇದು ಕಾಣ್ಲಿಲ್ವಾ?"

ಅವಳು ನೆಲ ನೋಡಿದಳು. "ಕಾಣ್ತು."

"ಮತ್ತೆ?"

"ನಾನು ಹೆಂಗೆ ಹೇಳ್ಲಿ? ಅಷ್ಟೆಲ್ಲ ಮಾಡಿ."

"ಆವಾಗ ಇಲ್ದಿದ್ದನ್ನ ಐತೆ ಅಂದ್ರಿ. ಈಗ ಇರೋದನ್ನ ಇಲ್ಲ ಅಂತೀರ" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. "ನಾಳಿದ್ದು ಮನೆ ತುಂಬ ನೆಂಟ್ರು ಬತ್ತಾರೆ. ಇದನ್ನ ನೋಡಿ ಯಾರು ಹೊಡ್ದಿದ್ದು ಅಂತ ಕೇಳ್ತಾರೆ. ಅದು ನಂಗೆ ಬೇಕಾ? ನೀವು ಅಯ್ಯೋ ಪಾಪ ಅಂದ್ರೆ ನನ್ ಹೆಸರು ವಾಪಸ್ ಬತ್ತದಾ? ಗೋಡೆ ನೆಟ್ಟಗಿದ್ರೆ ಬತ್ತದೆ."

ಅವನು ಬಲ್ಬನ್ನು ಅವಳ ಕೈಗೆ ಕೊಟ್ಟು, ರೋಲರನ್ನು ಬಣ್ಣದ ತಟ್ಟೆಗೆ ಅದ್ದಿದ.

"ಅಷ್ಟು ಜಾಗಕ್ಕೆ ಹಚ್ಚುದ್ರೆ ಸಾಲ್ದಾ?" ಎಂದು ಮೆಲ್ಲಗೆ ಕೇಳಿದಳು.

"ಅಷ್ಟಕ್ಕೇ ಹಚ್ಚುದ್ರೆ ತೇಪೆ ಕಾಣ್ತದೆ. ಗೋಡೆ ಪೂರ್ತಿ ಹೊಡೀಬೇಕು, ಈ ಮೂಲೆಯಿಂದ ಆ ಮೂಲೆ ಗಂಟ, ನಡುವೆ ಎಲ್ಲೂ ನಿಲ್ಲಿಸ್ದೇ." ಏಣಿ ಹತ್ತಿದ. "ಬಲ್ಬು ಕೆಳಗೆ ಹಿಡೀರಿ. ಇನ್ನೂ ಕೆಳಗೆ. ಹಾ."

ವನಜಾಕ್ಷಿ ಹಿಡಿದಳು. ಬಲ್ಬಿನ ಬಿಸಿ ಬೆರಳಿಗೆ ತಾಗುತ್ತಿತ್ತು. ರೋಲರು ಮೇಲಿನಿಂದ ಕೆಳಕ್ಕೆ ಬಂದು, ಮತ್ತೆ ಮೇಲಕ್ಕೆ ಹೋಯಿತು. ಮೂರನೇ ಪಟ್ಟಿಗೆ ಬಂದಾಗ ಕೆಳಗೊಂದು ಕಡೆ ರೋಲರು ತಾಗದೆ ಒಣಗಿದ ಹಳೆ ಬಣ್ಣ ಹಾಗೇ ಉಳಿದಿತ್ತು. ಅವಳು ನೋಡಿದಳು.

"ಸಾಬ್ರೇ" ಎಂದಳು. "ಇಲ್ಲಿ ಕೆಳಗೆ. ಒಸಿ ಬಿಟ್ಟೋಗೈತೆ."

"ಎಲ್ಲಿ?" ಎಂದ ಅವನು, ಏಣಿಯ ಮೇಲಿಂದಲೇ ಬಗ್ಗಿ.